‘ಅಲ್ಟಿಮೇಟ್ ಕಟ್’ ಎಂದು ಬಾಡಿಗೆಗೆ ಕೊಟ್ಟ ‘ವಾಚ್‌ಮೆನ್’ ಚಿತ್ರದಲ್ಲಿ 53 ನಿಮಿಷ ಇಲ್ಲದಿರುವ ಕುರಿತು ದೂರು

ಗೋಣಿಕೊಪ್ಪಲು,
ಕೊಡಗು ಜಿಲ್ಲೆ
12 ಆಗಸ್ಟ್ 2025

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಚಲನಚಿತ್ರ ಬಾಡಿಗೆ ವಿಭಾಗ

ಮಾನ್ಯರೇ,

ಆಗಸ್ಟ್ 3ರ ಭಾನುವಾರ ಸಂಜೆ ನಿಮ್ಮ ಓಟಿಟಿ ಆ್ಯಪ್‌ನಲ್ಲಿ 179 ರೂಪಾಯಿ ಪಾವತಿಸಿ, 2009ರಲ್ಲಿ ತೆರೆಕಂಡ ‘ವಾಚ್‌ಮೆನ್’ ಚಿತ್ರವನ್ನು 48 ಗಂಟೆಗಳ ಬಾಡಿಗೆಗೆ ಪಡೆದೆ. ಚಿತ್ರದ ಪುಟದಲ್ಲಿ ನೀವು ‘ಅಲ್ಟಿಮೇಟ್ ಕಟ್, 3 ಗಂಟೆ 35 ನಿಮಿಷ, ಕನ್ನಡ ಸಬ್‌ಟೈಟಲ್ ಸಹಿತ’ ಎಂದು ಸ್ಪಷ್ಟವಾಗಿ ಹಾಕಿದ್ದೀರಿ. ಆದರೆ ನಮ್ಮ ಮನೆಯ ಟಿ.ವಿ.ಯಲ್ಲಿ ಓಡಿದ್ದು 2 ಗಂಟೆ 42 ನಿಮಿಷಗಳ, ಅಂದರೆ ಮೊದಲು ಚಿತ್ರಮಂದಿರಗಳಿಗೆ ಬಂದ ಆವೃತ್ತಿ. ಈ ಚಿತ್ರಕ್ಕೆ ಮೂರು ಆವೃತ್ತಿಗಳಿವೆ ಎಂಬುದು ನಿಮಗೆ ತಿಳಿಯದ ವಿಷಯವೇನಲ್ಲ: ಚಿತ್ರಮಂದಿರದ್ದು 162 ನಿಮಿಷ, ನಿರ್ದೇಶಕರ ಆವೃತ್ತಿ 186 ನಿಮಿಷ, ಅಲ್ಟಿಮೇಟ್ ಕಟ್ 215 ನಿಮಿಷ. ದೊಡ್ಡದರ ಹೆಸರು ಹೇಳಿ ಚಿಕ್ಕದನ್ನು ಕೊಟ್ಟಿದ್ದೀರಿ.

ಆ ದಿನ ನಮ್ಮಲ್ಲಿ ಕಕ್ಕಡ ಹದಿನೆಂಟು, ಅಂದರೆ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮದ್ದು ಸೊಪ್ಪು ಎಂಬ ಔಷಧಿ ಸೊಪ್ಪಿನ ಅಡುಗೆ ಉಣ್ಣುವ ದಿನ. ಪೊನ್ನಂಪೇಟೆಯಿಂದ ಅಕ್ಕನ ಮನೆಯವರು ಬಂದಿದ್ದರು. ಮದ್ದು ಸೊಪ್ಪಿನ ಪಾಯಸ ಉಂಡು ಎಲ್ಲರ ನಾಲಿಗೆಯೂ ನೇರಳೆಯಾಗಿತ್ತು. ಹೊರಗೆ ಬಿಡದ ಮಳೆ. ಈ ತಿಂಗಳಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವವರು ಯಾರೂ ಇಲ್ಲವಾದ್ದರಿಂದ, ಮೂರೂವರೆ ಗಂಟೆಯ ಚಿತ್ರಕ್ಕೆ ಸಾಕಾಗುವಷ್ಟು ಇನ್ವರ್ಟರ್ ಬ್ಯಾಟರಿ ಉಳಿಯಲೆಂದು ಮಧ್ಯಾಹ್ನದಿಂದಲೇ ಫ್ಯಾನು, ಮಿಕ್ಸಿ, ಎರಡು ಕೋಣೆಗಳ ದೀಪ ಎಲ್ಲವನ್ನೂ ಆರಿಸಿಟ್ಟಿದ್ದೆ. ಏಳೂವರೆಗೆ ಶುರು ಮಾಡಿದೆವು, ಎಂಟಕ್ಕೆ ಕರೆಂಟು ಹೋಯಿತು, ಹನ್ನೊಂದು ದಾಟಬೇಕಿದ್ದ ಚಿತ್ರ ಹತ್ತೂಕಾಲಿಗೇ ಮುಗಿದುಹೋಯಿತು. ಬ್ಯಾಟರಿ ಇನ್ನೂ ಅರ್ಧ ಉಳಿದಿತ್ತು.

ಮರುದಿನ ಬೆಳಿಗ್ಗೆಯೇ ನಿಮ್ಮ ಗ್ರಾಹಕ ಸೇವೆಗೆ ಬರೆದೆ. ಉತ್ತರ ಬಂದದ್ದು 6ರಂದು, ಬಾಡಿಗೆಯ ಅವಧಿ ಮುಗಿದ ಮೇಲೆ. ‘ಆವೃತ್ತಿಗಳ ನಡುವೆ ಕೆಲವು ಹೆಚ್ಚುವರಿ ದೃಶ್ಯಗಳ ವ್ಯತ್ಯಾಸವಷ್ಟೇ ಇದ್ದು, ಕಥೆ ಪೂರ್ಣವಾಗಿಯೇ ಇರುತ್ತದೆ, ತಾವು ಚಿತ್ರವನ್ನು ಕೊನೆಯವರೆಗೆ ವೀಕ್ಷಿಸಿರುವುದರಿಂದ ಹಣ ಮರುಪಾವತಿ ಸಾಧ್ಯವಿಲ್ಲ’ ಎಂದಿತ್ತು. ಕೊನೆಯವರೆಗೆ ನೋಡದೆ ಚಿತ್ರ ಎಲ್ಲಿ ಮುಗಿಯುತ್ತದೆಂದು ತಿಳಿಯುವ ಉಪಾಯ ನನಗಂತೂ ಗೊತ್ತಿಲ್ಲ. ಅದಿರಲಿ. ಈ ಪತ್ರವನ್ನು ಇಷ್ಟು ಉದ್ದವಾಗಿ ಬರೆಯುತ್ತಿರುವುದು ‘ಕಥೆ ಪೂರ್ಣವಾಗಿಯೇ ಇರುತ್ತದೆ’ ಎಂಬ ಆ ಮಾತಿಗಾಗಿ.

ಈ ಚಿತ್ರಕ್ಕೆ ಮೂಲ ಇದೇ ಹೆಸರಿನ ಕಾಮಿಕ್ಸ್ ಪುಸ್ತಕ, ಮೈಸೂರಿನಲ್ಲಿ ಓದುತ್ತಿದ್ದಾಗ ಸಹಪಾಠಿಯೊಬ್ಬನಿಂದ ಕಡ ತಂದು ಓದಿದ್ದು. ಅಲನ್ ಮೂರ್ ಬರೆದು, ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿ, ಜಾನ್ ಹಿಗಿನ್ಸ್ ಬಣ್ಣ ಹಾಕಿದ ಈ ಕೃತಿ 1986-87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಬಂತು. ಅದರಲ್ಲಿ ಮುಖವಾಡ ತೊಟ್ಟ ಸಾಹಸಿಗಳು ಇದ್ದಾರೆ, ನಿಜ. ಆದರೆ ಕಥೆ ಮತ್ತೆ ಮತ್ತೆ ಬಂದು ನಿಲ್ಲುವುದು ನ್ಯೂಯಾರ್ಕಿನ ಒಂದು ರಸ್ತೆಯ ಮೂಲೆಯ ಪೇಪರ್ ಅಂಗಡಿಯ ಮುಂದೆ. ಅಂಗಡಿಯವನು ಬಂದವರಿಗೆಲ್ಲ ಯುದ್ಧ ಇನ್ನೇನು ಬಂತು ಎಂದು ಭಾಷಣ ಬಿಗಿಯುತ್ತಾನೆ. ಪಕ್ಕದಲ್ಲಿ ಒಬ್ಬ ಹುಡುಗ ನೆಲದ ಮೇಲೆ ಕೂತು, ಕಾಸು ಕೊಡದೆ ಕಡಲ್ಗಳ್ಳರ ಕಾಮಿಕ್ಸ್ ಓದುತ್ತಿರುತ್ತಾನೆ. ನಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ‘ಶಕ್ತಿ’ ಪತ್ರಿಕೆಯನ್ನು ನಿಂತಲ್ಲೇ ಪೂರ್ತಿ ಓದಿ, ಮಡಿಸಿಟ್ಟು ಹೋಗುವವರನ್ನು ದಿನವೂ ನೋಡುವ ನನಗೆ ಆ ಮೂಲೆಯೇ ಪುಸ್ತಕದಲ್ಲಿ ಎಲ್ಲಕ್ಕಿಂತ ಹತ್ತಿರದ ಜಾಗ. ಹನ್ನೊಂದನೆಯ ಅಧ್ಯಾಯದಲ್ಲಿ ಇಬ್ಬರ ಹೆಸರೂ ಬರ್ನಾರ್ಡ್ ಎಂದು ತಿಳಿಯುತ್ತದೆ. ಅದೇ ಅಧ್ಯಾಯದ ಕೊನೆಯಲ್ಲಿ, ಲಕ್ಷಾಂತರ ಜನರನ್ನು ಕೊಲ್ಲುವ ಬೆಳಕು ಬಂದಾಗ, ಆ ಮುದುಕ ಹುಡುಗನನ್ನು ತಬ್ಬಿಕೊಳ್ಳುತ್ತಾನೆ. ಇಬ್ಬರೂ ಕರಗುತ್ತಾ ಹೋಗಿ ಕಡೆಗೆ ಬರೀ ಬಿಳಿ ಉಳಿಯುತ್ತದೆ.

ಈ ಪೇಪರ್ ಅಂಗಡಿಯ ದೃಶ್ಯಗಳೂ ಹುಡುಗ ಓದುವ ಕಡಲ್ಗಳ್ಳರ ಕಥೆಯೂ ಮೂಲ ಚಿತ್ರದೊಳಗೆ ಹೆಣೆದುಕೊಂಡು ಬರುವುದು ಅಲ್ಟಿಮೇಟ್ ಕಟ್‌ನಲ್ಲಿ ಮಾತ್ರ. ನೀವು ಕೊಟ್ಟ ಆವೃತ್ತಿಯಲ್ಲಿ ಅವರಿಬ್ಬರೂ ಸ್ಫೋಟದ ಹೊತ್ತಿಗೆ ಕ್ಷಣಮಾತ್ರ ತಬ್ಬಿಕೊಂಡು ಮಾಯವಾಗುತ್ತಾರೆ. ಪದವಿ ಓದುತ್ತಿರುವ ಅಕ್ಕನ ಮಗಳು ಪುಸ್ತಕ ಓದಿದವಳಲ್ಲ. ಆ ದೃಶ್ಯ ಬಂದಾಗ ಅವಳು ನನ್ನ ಕಡೆ ತಿರುಗಿ, “ಮಾವ, ಇವರಿಬ್ಬರು ಯಾರು?” ಎಂದು ಕೇಳಿದಳು. ಹತ್ತು ನಿಮಿಷ ಕಳೆದು, “ಶುರುವಲ್ಲಿ ಬಿಯರ್ ಕುಡೀತಾ ಕೂತಿದ್ರಲ್ಲ ಒಬ್ಬರು ತಾತ, ಅವರು ಏನಾದ್ರು?” ಎಂದೂ ಕೇಳಿದಳು. ಆ ತಾತ ಹಾಲಿಸ್ ಮೇಸನ್, ಹಿಂದೆ ‘ನೈಟ್ ಔಲ್’ ಎಂಬ ಹೆಸರಲ್ಲಿ ಮುಖವಾಡ ತೊಟ್ಟ ಮೊದಲ ಸಾಹಸಿ. ಬೀದಿಯ ಪುಂಡರು ಅವನ ಮನೆಗೆ ನುಗ್ಗಿ ಅವನನ್ನು ಬಡಿದು ಕೊಲ್ಲುವುದು, ಏಟು ತಿನ್ನುತ್ತಲೇ ಅವನಿಗೆ ತನ್ನ ಹಳೆಯ ಕಾಳಗಗಳು ಕಣ್ಣ ಮುಂದೆ ಬರುವುದು, ಎಲ್ಲವೂ ನಿರ್ದೇಶಕರ ಆವೃತ್ತಿಯಿಂದ ಮುಂದಕ್ಕೆ ಇರುವ ದೃಶ್ಯಗಳು. ನಿಮ್ಮ ಉತ್ತರ ಹೇಳುವ ಪೂರ್ಣ ಕಥೆಯಲ್ಲಿ ಈ ಎರಡು ಪ್ರಶ್ನೆಗಳಿಗೂ ಉತ್ತರವಿಲ್ಲ.

ಕಡಲ್ಗಳ್ಳರ ಕಥೆಯನ್ನೂ ಕಥೆಯೊಳಗಿನ ಮೋಜು ಎಂದು ಬಿಟ್ಟುಬಿಡುವಂತಿಲ್ಲ. ತನ್ನ ಊರನ್ನು ಕಡಲ್ಗಳ್ಳರಿಂದ ಉಳಿಸಬೇಕೆಂದು ಸತ್ತ ಸಂಗಾತಿಗಳ ಹೆಣಗಳಿಂದಲೇ ತೆಪ್ಪ ಕಟ್ಟಿಕೊಂಡು ಬರುವ ನಾವಿಕ, ಮನೆ ಮುಟ್ಟುವ ಹೊತ್ತಿಗೆ ತಾನೇ ತನ್ನವರ ಮೇಲೆ ಕೈಮಾಡುತ್ತಾನೆ. ಲೋಕವನ್ನು ಉಳಿಸುತ್ತೇನೆಂದು ನಗರವನ್ನೇ ಬಲಿಕೊಡುವ ಏಡ್ರಿಯನ್ ವೈಟ್ ಎಂಥವನೆಂದು ಮೂರ್ ನೇರವಾಗಿ ಹೇಳುವುದಿಲ್ಲ. ಈ ನಾವಿಕನನ್ನು ಪಕ್ಕದಲ್ಲಿ ನಿಲ್ಲಿಸಿ ಸುಮ್ಮನಾಗುತ್ತಾನೆ. ಅದನ್ನು ತೆಗೆದರೆ ವೈಟ್ ಬರೀ ಜಾಣ ಖಳನಾಯಕನಾಗಿ ಉಳಿಯುತ್ತಾನೆ, ಅಂದು ಉಳಿದದ್ದೂ ಹಾಗೆಯೇ.

ಚಿತ್ರದ ಬಗ್ಗೆ ನನಗಿರುವ ಬೇರೆ ತಕರಾರುಗಳನ್ನು ನಿಮ್ಮ ತಲೆಗೆ ಕಟ್ಟುವ ಉದ್ದೇಶ ನನ್ನದಲ್ಲ. ಪುಸ್ತಕದ ಕೊನೆಗೆ ನ್ಯೂಯಾರ್ಕಿನ ಮೇಲೆ ಬಂದು ಬೀಳುವ ದೈತ್ಯ ಜೀವಿಯನ್ನು ಕೈಬಿಟ್ಟು, ತಪ್ಪನ್ನು ಅತಿಮಾನುಷ ಶಕ್ತಿಯ ಡಾ. ಮ್ಯಾನ್‌ಹ್ಯಾಟನ್ ಎಂಬ ಪಾತ್ರದ ತಲೆಗೆ ಹೊರಿಸಿದ್ದು ನಿರ್ದೇಶಕ ಜ್ಯಾಕ್ ಸ್ನೈಡರ್ ಬಳಗದ ತೀರ್ಮಾನ. ಅಭಿಮಾನಿಗಳು ಬೈಯುವಷ್ಟು ಕೆಟ್ಟದ್ದು ಅದೆಂದು ನನಗೇನೂ ಅನ್ನಿಸಿಲ್ಲ. ಪುಸ್ತಕದಲ್ಲಿ ಸುಸ್ತಾದ, ಬೊಜ್ಜು ಬಂದ ಮನುಷ್ಯರು ಹೊಡೆದಾಡಿದರೆ ಇಲ್ಲಿ ಎಲ್ಲರೂ ಸ್ಲೋ ಮೋಷನ್‌ನಲ್ಲಿ ಮೂಳೆ ಮುರಿಯುತ್ತಾರೆ. ಅದು ಮಾತ್ರ ಕೊನೆಯವರೆಗೂ ಕಿರಿಕಿರಿ ಮಾಡಿತು. ಆರಂಭದ ಟೈಟಲ್ ದೃಶ್ಯಗಳಿಗಾಗಿ ಆ ಕಿರಿಕಿರಿಯನ್ನು ಅರ್ಧ ಮನ್ನಾ ಮಾಡಬಹುದು. ಇವೆಲ್ಲ ನಾನು ಮತ್ತು ಚಿತ್ರ ಬಗೆಹರಿಸಿಕೊಳ್ಳುವ ವಿಷಯ.

ನಿಮ್ಮದೇ ಆದ ಇನ್ನೆರಡು ತಪ್ಪುಗಳಿವೆ. ಚಿತ್ರದ ಪುಟದಲ್ಲಿ ‘ಚಿತ್ರಕಥೆ: ಅಲನ್ ಮೂರ್’ ಎಂದು ಬರೆದಿದ್ದೀರಿ. ಮೂರ್ ಈ ಚಿತ್ರಕ್ಕೆ ತಮ್ಮ ಹೆಸರನ್ನೇ ಬಳಸಕೂಡದೆಂದು ಹೇಳಿದವರು. ಅದಕ್ಕೇ ಚಿತ್ರದ ಟೈಟಲ್‌ಗಳಲ್ಲಿ ಮೂಲ ಕೃತಿಯ ಸಹ ಸೃಷ್ಟಿಕರ್ತ ಮತ್ತು ಚಿತ್ರಕಾರ ಎಂದು ಗಿಬ್ಬನ್ಸ್ ಹೆಸರಷ್ಟೇ ಇದೆ. ಚಿತ್ರಕಥೆ ಬರೆದವರು ಡೇವಿಡ್ ಹೇಟರ್ ಮತ್ತು ಅಲೆಕ್ಸ್ ಸೇ. ಹೆಸರು ಬೇಡವೆಂದು ಪಟ್ಟು ಹಿಡಿದವರ ಹೆಸರನ್ನೇ ತಂದು ಅಂಟಿಸಿರುವುದು ಅವರಿಗೂ, ಕೆಲಸ ಮಾಡಿದ ಇಬ್ಬರಿಗೂ ಅನ್ಯಾಯ.

ಎರಡನೆಯದು ಕನ್ನಡ ಸಬ್‌ಟೈಟಲ್. ನಮ್ಮ ಭಾಷೆಯಲ್ಲಿ ಸಬ್‌ಟೈಟಲ್ ಇದೆಯೆಂಬ ಸಂತೋಷಕ್ಕೇ ನಿಮ್ಮ ಆ್ಯಪ್ ಆರಿಸಿಕೊಂಡೆ. ಡಾ. ಮ್ಯಾನ್‌ಹ್ಯಾಟನ್‌ನ ತಂದೆ ‘ವಾಚ್‌ಮೇಕರ್’, ಅಂದರೆ ಕೈಗಡಿಯಾರ ದುರಸ್ತಿ ಮಾಡುವವನು. ಪುಸ್ತಕದಲ್ಲಿ, ಹಿರೋಶಿಮಾದ ಸುದ್ದಿ ಓದಿದ ಆತ ಮಗನ ಮುಂದಿದ್ದ ಗಡಿಯಾರದ ಹಲ್ಲುಚಕ್ರಗಳನ್ನು ಕಿಟಕಿಯಿಂದ ಹೊರಗೆ ಸುರಿಯುತ್ತಾನೆ. ನಿಮ್ಮ ಸಬ್‌ಟೈಟಲ್‌ನಲ್ಲಿ ‘ನನ್ನ ತಂದೆ ಕಾವಲುಗಾರರಾಗಿದ್ದರು’ ಎಂದು ಬಂತು. ಅದರ ಬೆನ್ನಿಗೇ ಐನ್‌ಸ್ಟೈನ್, ಕಾಲ ಎಂಬ ಮಾತು ಬಂದಾಗ ಭಾವ ಗಟ್ಟಿಯಾಗಿ ನಕ್ಕುಬಿಟ್ಟರು. ಇದನ್ನು ಯಂತ್ರಕ್ಕೆ ಕೊಟ್ಟು, ಕನ್ನಡ ಬಲ್ಲ ಒಬ್ಬರೂ ಕಣ್ಣಾಡಿಸದೆ ಹಾಕಿದ್ದೀರೆಂದೇ ನನ್ನ ಅನುಮಾನ.

ಆದ್ದರಿಂದ ನನ್ನ ಕೋರಿಕೆ ಇಷ್ಟು. 179 ರೂಪಾಯಿಯನ್ನು, ಪಾವತಿ ಮಾಡಿದ ಖಾತೆಗೇ ಹಿಂದಿರುಗಿಸಬೇಕು. ವ್ಯಾಲೆಟ್ ಪಾಯಿಂಟ್ ಬೇಡ. 215 ನಿಮಿಷಗಳ ಆವೃತ್ತಿ ನಿಮ್ಮ ಬಳಿ ಇದ್ದರೆ ಅದನ್ನೇ ಹಾಕಬೇಕು, ಇಲ್ಲದಿದ್ದರೆ ಪುಟದ ಮೇಲಿನ ಹೆಸರು, ಅವಧಿ ಎರಡನ್ನೂ ತಿದ್ದಿ, ಇದೇ ಹೆಸರು ನಂಬಿ ಬಾಡಿಗೆ ಕೊಟ್ಟ ಉಳಿದವರಿಗೂ ವಿಷಯ ತಿಳಿಸಬೇಕು. ಚಿತ್ರಕಥೆಗಾರರ ಹೆಸರನ್ನು ಸರಿಪಡಿಸಿ, ಸಬ್‌ಟೈಟಲ್ ಅನ್ನು ಕನ್ನಡ ಓದಬಲ್ಲವರಿಂದ ನೋಡಿಸಬೇಕು.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದಾದ್ದರಿಂದ, ಸೆಪ್ಟೆಂಬರ್ 12ರೊಳಗೆ ಉತ್ತರ ಬಾರದಿದ್ದಲ್ಲಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅಷ್ಟರೊಳಗೆ ಮಳೆಯೂ ಸ್ವಲ್ಪ ಕಡಿಮೆಯಾಗಿರುತ್ತದೆ.

ಇಂತಿ,
ತಮ್ಮ ಚಂದಾದಾರ

ಲಗತ್ತು: ಪಾವತಿಯ ರಸೀದಿ, ‘3 ಗಂಟೆ 35 ನಿಮಿಷ’ ಎಂದು ತೋರಿಸುವ ಪುಟದ ಸ್ಕ್ರೀನ್‌ಶಾಟ್, 2:42ಕ್ಕೆ ನಿಂತ ಟಿ.ವಿ. ಪರದೆಯ ಫೋಟೊ, 6ರಂದು ಬಂದ ನಿಮ್ಮ ಉತ್ತರದ ಪ್ರತಿ.