ಬಳ್ಳಾರಿಯ ಮನೆಗಳಿಗೆ, ಒಬ್ಬ ಆಶಾ ಅಕ್ಕನಿಗೆ

ಕೌಟುಂಬಿಕ ಆಪ್ತಸಮಾಲೋಚಕಿಯ ಕೆಲಸದಿಂದ ಈ ತಿಂಗಳು ನಿವೃತ್ತಳಾಗುತ್ತಿದ್ದೇನೆ. ಬೀಳ್ಕೊಡುಗೆಯ ದಿನ ಗಂಟಲುಬ್ಬಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು, ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಅದೇ ನೆಲದಲ್ಲಿ ವೃತ್ತಿ ಕಲಿತದ್ದು ನನ್ನ ಭಾಗ್ಯ. ಅತ್ತೆ ತೆಲುಗು, ಸೊಸೆ ಕನ್ನಡ ಆಡುವ ಮನೆಗಳು, ಲಂಬಾಣಿ ತಾಂಡಾಗಳು, ಗುಡಿಗೂ ದರ್ಗಾಕ್ಕೂ ಹರಕೆ ಹೊತ್ತ ಮೇಲೆಯೇ ನಮ್ಮತ್ತ ಬರುವ ಕುಟುಂಬಗಳು. ಇವರ ನಂಬಿಕೆಯನ್ನು ಕೆಣಕದೆ, ಹರಕೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ ಎಂದು ಹೇಳುವುದನ್ನು ನನಗೆ ಕಲಿಸಿದವರು ಸಿರುಗುಪ್ಪ ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆ. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾರೆ. ಅಕ್ಕ ಎಂದಷ್ಟೇ ಕರೆಯುತ್ತೇನೆ.

ಆ ರಾತ್ರಿ ಏನಾಯಿತೆಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ನಮ್ಮಲ್ಲಿಗೆ ಬರುತ್ತಿದ್ದ ಹೆಣ್ಣುಮಗಳು ಆತ್ಮಹತ್ಯೆಗೆ ಯತ್ನಿಸಿ ಐಸಿಯುನಲ್ಲಿದ್ದಳು. ಹೊರಗೆ ತವರಿನವರೂ ಗಂಡನ ಮನೆಯವರೂ ಕೈ ಮಿಲಾಯಿಸುವ ಹಂತಕ್ಕೆ ಬಂದಿದ್ದರು. ಅಕ್ಕ ಇಬ್ಬರ ನಡುವೆ ನೆಲದ ಮೇಲೆ ಕುಳಿತು, ಅತ್ತೆಯ ಕೈಗೆ ಚಹಾದ ಲೋಟ ಕೊಟ್ಟು, "ಯವ್ವಾ, ಯಾರದು ತಪ್ಪು ಅಂತ ಕೇಳೋ ಹೊತ್ತಲ್ಲ ಇದು. ಮೊದಲು ಹುಡುಗಿ ಉಳೀಲಿ, ಆಮ್ಯಾಲೆ ಕುಂತು ಮಾತಾಡಾಣು" ಎಂದರು. ಮಗಳ ಮೇಲೆಯೇ ಪೊಲೀಸ್ ಕೇಸಾಗುತ್ತದೆಂದು ನಡುಗುತ್ತಿದ್ದ ತಂದೆಗೆ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷೆಗೆ ಗುರಿಪಡಿಸುವುದಿಲ್ಲ ಎಂಬುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಹೇಳಿದರು.

ನಸುಕಿನ ಹೊತ್ತಿಗೆ ನನ್ನ ಧೈರ್ಯವೇ ಉಡುಗಿತು. ಇನ್ನೊಂದು ಮನೆಯ ಸಂಕಟವನ್ನು ಹೊರಲಾರೆ, ಈ ಕೆಲಸವೇ ಬೇಡ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಸಮಾಧಾನದ ಮಾತಾಡಲಿಲ್ಲ, ಎದ್ದೂ ಹೋಗಲಿಲ್ಲ. ಹುಡುಗಿ ಕಣ್ಣು ತೆರೆದಳೆಂದು ನರ್ಸ್ ಬಂದು ಹೇಳುವವರೆಗೂ ನನ್ನ ಭುಜ ಹಿಡಿದೇ ಇದ್ದರು.

ಮನೆಗೆ ಹೋದಾಗ ಹಿರಿಯರನ್ನು ಮೊದಲು ಮಾತಾಡಿಸಬೇಕು, ಸೊಸೆಯೊಡನೆ ಒಂಟಿಯಾಗಿ ಮಾತಾಡಲು ಅಂಗನವಾಡಿಯೇ ಸರಿಯಾದ ಜಾಗ ಎಂದು ತೋರಿಸಿಕೊಟ್ಟವರೂ ಅವರೇ. ಆದರೆ ಹಿರಿಯರ ಮರ್ಯಾದೆ ಕಾಯುವ ನೆಪದಲ್ಲಿ ಹೊಡೆತವನ್ನು ಪದ್ಧತಿಯೆಂದು ಒಪ್ಪಿಕೊಳ್ಳಲು ಅವರು ಎಂದೂ ತಯಾರಿರಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ದೂರು ಕೊಡಲು ಹೆಣ್ಣುಮಕ್ಕಳನ್ನು ಸಂರಕ್ಷಣಾಧಿಕಾರಿಯ ಬಳಿಗೆ ಕರೆದೊಯ್ದು ಊರಿನ ಮುನಿಸನ್ನೂ ಕಟ್ಟಿಕೊಂಡರು.

ನನ್ನ ಸಹೋದ್ಯೋಗಿಗಳು, ಮನೋವೈದ್ಯರು, ಕಾನೂನು ಸೇವಾ ಪ್ರಾಧಿಕಾರದ ವಕೀಲರು, ಸ್ತ್ರೀಶಕ್ತಿ ಸಂಘಗಳ ತಾಯಂದಿರು, ಹೊತ್ತುಗೊತ್ತಿಲ್ಲದ ನನ್ನ ಓಡಾಟಕ್ಕೆ ಹೊಂದಿಕೊಂಡ ಮನೆಯವರು, ಎಲ್ಲರಿಗೂ ನಾನು ಋಣಿ.

2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ನ್ಯಾಯವಾದ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲೇ ಅಹೋರಾತ್ರಿ ಧರಣಿ ಕುಳಿತಾಗ ಅಕ್ಕನೂ ಅಲ್ಲಿದ್ದರು. ಮತ್ತೆ ಅಂಥ ಧರಣಿ ನಡೆದರೆ ಅವರ ಪಕ್ಕದಲ್ಲಿ ನಾನೂ ಕುಳಿತಿರುತ್ತೇನೆ.