ಕೀಮೋ ಮುಗಿಯಿತು, ನಿಮ್ಮ ಡಬ್ಬಿಗಳು ನಮ್ಮನೆಯಲ್ಲೇ ಇವೆ

ಎಲ್ಲರಿಗೂ ವಂದನೆ. ಆರು ಕೀಮೋ ಮುಗಿದು, ರೇಡಿಯೇಷನ್ನೂ ಮುಗಿದು, ಮೊನ್ನೆ ಸ್ಕ್ಯಾನ್ ರಿಪೋರ್ಟ್ ಬಂತು. ಸದ್ಯಕ್ಕೆ ಏನೂ ಕಾಣುತ್ತಿಲ್ಲ ಅಂದರು ಡಾಕ್ಟರು. ಫೋನ್ ಮಾಡಿದವರ ಹತ್ತಿರವೆಲ್ಲ ಸುಮ್ನೆ ಅತ್ತುಬಿಟ್ಟೆ, ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಮೊದಲು ಒಂದು ಸಿಟ್ಟು ಇಳಿಸಿಕೊಳ್ಳುತ್ತೇನೆ. ಎರಡನೇ ಕೀಮೋ ಆದ ವಾರ, ಬಾಚಣಿಗೆ ತುಂಬ ಕೂದಲು ಬರುತ್ತಿದ್ದಾಗ, ಒಬ್ಬರು ಮನೆಗೆ ಬಂದು "ಕರ್ತನು ತಾನು ಪ್ರೀತಿಸುವವರನ್ನೇ ಶಿಕ್ಷಿಸುತ್ತಾನಮ್ಮ, ಎಲ್ಲಿ ತಪ್ಪಾಯಿತು ಅಂತ ಯೋಚನೆ ಮಾಡು" ಅಂದು, ಕಾಫಿ ಕುಡಿದು ಹೋದರು. ಮಾತು ಬೈಬಲಿನದೇ, ಸುಳ್ಳಲ್ಲ. ಆದರೆ ಆ ರಾತ್ರಿಯೆಲ್ಲ ನಾನು ಅತ್ತೆಯ ಜೊತೆ ಆಡಿದ ಹಳೇ ಜಗಳದಿಂದ ಹಿಡಿದು ಒಂದೊಂದೇ ಲೆಕ್ಕ ಹಾಕುತ್ತಾ ಬಿದ್ದುಕೊಂಡಿದ್ದೆ.

ನಮ್ಮ ಚರ್ಚಿನ ಅಯ್ಯನವರಿಗೆ ಹೇಳಿದೆ. ಅವರು ಬುದ್ಧಿವಾದ ಹೇಳಲಿಲ್ಲ, ಬೈಬಲಿನ ಪ್ರಲಾಪಗಳು ಪುಸ್ತಕದ ಮೂರನೇ ಅಧ್ಯಾಯ ಮೊದಲಿಂದ ಓದಿದರು. ಅದರ 22, 23ನೇ ವಚನ ನಮಗೆಲ್ಲ ಬಾಯಿಪಾಠ, ದೇವರ ಕರುಣೆ ದಿನಾ ಬೆಳಿಗ್ಗೆ ಹೊಸದು ಅನ್ನುವುದು, ನಮ್ಮನೆ ಕ್ಯಾಲೆಂಡರಿನಲ್ಲೂ ಇದೆ. ಅದಕ್ಕಿಂತ ಮುಂಚೆ ಏನಿದೆ ಅಂತ ನಾನು ನೋಡಿಯೇ ಇರಲಿಲ್ಲ. ದೇವರು ನನ್ನನ್ನು ಕತ್ತಲಿಗೆ ನೂಕಿದ, ಕೂಗಿಕೊಂಡರೂ ಪ್ರಾರ್ಥನೆ ಕೇಳಿಸಿಕೊಳ್ಳಲಿಲ್ಲ, ಕರಡಿಯ ಹಾಗೆ ಹೊಂಚು ಹಾಕಿದ, ಕಲ್ಲು ಕಚ್ಚಿಸಿ ಹಲ್ಲು ಮುರಿದ. ಮಾಚಿಪತ್ರೆಯ ಕಹಿ ಕುಡಿಸಿದ ಅಂತ ಬಂದಾಗ ನನಗೆ ನಗು ಬಂತು. ಆ ದಿನಗಳಲ್ಲಿ ನನಗೆ ನೀರೂ ಕಹಿ!

ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮಿನ ಗೋಡೆ ಕೆಡವಿ ದೇವಾಲಯ ಸುಟ್ಟು, ಜನರನ್ನು ಸೆರೆಹಿಡಿದುಕೊಂಡು ಹೋದಾಗಿನ ಅಳು ಅದು. ಹೀಬ್ರೂ ಭಾಷೆಗೆ 22 ಅಕ್ಷರ. ಮೊದಲ ನಾಲ್ಕು ಅಧ್ಯಾಯಗಳನ್ನು ಆ ಅಕ್ಷರಮಾಲೆಯ ಸಾಲಿನಲ್ಲೇ ಕಟ್ಟಿದ್ದಾರೆ, ಒಂದೊಂದು ವಚನ ಒಂದೊಂದು ಅಕ್ಷರದಿಂದ ಶುರುವಾಗುವ ಹಾಗೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ಇಷ್ಟು ದುಃಖದಲ್ಲಿ ಯಾರಪ್ಪಾ ಅಕ್ಷರ ಜೋಡಿಸುತ್ತಾ ಕೂರುತ್ತಾರೆ ಅನ್ನಿಸಿತು. ಆಮೇಲೆ ನಮ್ಮಜ್ಜಿ ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುತ್ತಿದ್ದದ್ದು ನೆನಪಾಯಿತು. ಐದನೇ ಅಧ್ಯಾಯಕ್ಕೂ 22 ವಚನವೇ, ಆದರೆ ಅಕ್ಷರದ ಸಾಲು ಇಲ್ಲ. ಅತ್ತೂ ಅತ್ತೂ ಸಾಕಾಗಿತ್ತೋ ಏನೋ.

ಶಿಕ್ಷೆಯ ಮಾತು ಆ ಪುಸ್ತಕದಲ್ಲಿ ಇದೆ, ಇಲ್ಲ ಅನ್ನುವುದಿಲ್ಲ. ನಾವು ದ್ರೋಹ ಮಾಡಿದೆವು ಅಂತ ಒಪ್ಪಿಕೊಳ್ಳುತ್ತಾರೆ. ಆದರೆ ಅದೇ ವಚನದಲ್ಲಿ, ನೀನು ಕ್ಷಮಿಸಲಿಲ್ಲ ಅಂತ ದೇವರಿಗೇ ಎದುರು ಹೇಳುತ್ತಾರೆ! ಅದಕ್ಕೂ ಸ್ವಲ್ಪ ಮೊದಲು, ಆತನು ಮನಸಾರೆ ಯಾರನ್ನೂ ನೋಯಿಸುವವನಲ್ಲ ಅಂತಲೂ ಇದೆ. ಮತ್ತೆ ಅದು ಪ್ರವಾದಿಗಳು ಎಷ್ಟೋ ವರ್ಷ ಎಚ್ಚರಿಸಿದರೂ ಕೇಳದ ಒಂದು ಊರಿನ ಕಥೆ, ನನ್ನ ಎದೆಯ ಗಂಟಿನದಲ್ಲ. ಪೆಟ್ಟು ತಿಂದವರೇ ಹೇಳಿಕೊಳ್ಳುವ ಮಾತನ್ನು ಪಕ್ಕದಲ್ಲಿ ಕೂತವರು ಹೇಳಿದರೆ ಬೇರೆಯೇ ಆಗಿಬಿಡುತ್ತದೆ, ಅಲ್ವಾ? ಬೈಬಲಿನಲ್ಲಿ ಕಷ್ಟದ ಮೇಲೆ ಕಷ್ಟ ಬಂದ ಯೋಬನ ಗೆಳೆಯರೂ ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು. ನಿನ್ನ ತಪ್ಪಿಗೇ ಇದು ಅಂತ ಬಾಯಿ ಬಿಟ್ಟ ಮೇಲೆಯೇ ಕೆಟ್ಟದ್ದು.

ಮೊದಲನೇ ಅಧ್ಯಾಯದಲ್ಲಿ ಆ ಊರನ್ನು ಹೆಂಗಸಿನ ಹಾಗೆ ಕಂಡು ಮತ್ತೆ ಮತ್ತೆ ಹೇಳುವ ಮಾತು, ಅವಳನ್ನು ಸಂತೈಸುವವರು ಯಾರೂ ಇಲ್ಲ ಅನ್ನುವುದು. ನನಗೆ ಅದು ಅನ್ವಯಿಸಲೇ ಇಲ್ಲ. ಅದಕ್ಕೇ ಈ ಬರಹ.

ವಾಂತಿಯ ಬಕೆಟ್ ಹಿಡಿದು, ಒಂದು ಮಾತೂ ಆಡದೆ ನಿಂತ ನಾದಿನಿಗೆ. ಸೂಜಿ ಚುಚ್ಚುವ ಮೊದಲು ಪ್ರತಿ ಸಲ "ಸಾರಿ ಅಕ್ಕ" ಅಂದ ಸಿಸ್ಟರ್‌ಗೆ. ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬಂದ ಪಕ್ಕದ ಮನೆ ಅಣ್ಣನಿಗೆ. ಶುಕ್ರವಾರದ ಸ್ತ್ರೀಯರ ಕೂಟದವರಿಗೆ, ನನಗೋಸ್ಕರ ಪ್ರಾರ್ಥನೆ ಮಾಡಿದ್ದಕ್ಕೆ, ಅದಕ್ಕಿಂತ ಜಾಸ್ತಿ ಗಂಜಿ, ತಿಳಿಸಾರು ಕಳಿಸಿದ್ದಕ್ಕೆ. ನನ್ನ ಗಂಡನಿಗೆ ಇಲ್ಲಿ ಬರೆದರೆ ನಾಚಿಕೆ, ಮನೆಯಲ್ಲೇ ಹೇಳುತ್ತೇನೆ. ಅಯ್ಯನವರಿಗೆ, ಮೊದಲಿಂದ ಓದಿದ್ದಕ್ಕೆ.

ಮುಂದಿನ ಚೆಕಪ್ ಮೂರು ತಿಂಗಳಿಗೆ. ಭಯ ಇದೆ. ಅಷ್ಟರೊಳಗೆ ಬಂದು ನಿಮ್ಮ ನಿಮ್ಮ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ, ಒಟ್ಟು 11 ಇವೆ. ಎರಡಕ್ಕೆ ಮುಚ್ಚಳ ಸಿಗುತ್ತಿಲ್ಲ.