ಒಂದು ಬೆರಳಿಗೆ ಬಿದ್ದ ಪೈಲ್ವಾನ

ಬೆಳಗಾವಿ
ಭಾನುವಾರ ರಾತ್ರಿ

ಪ್ರೀತಿಯ ಬಸೂ,

ಇವತ್ತು ಇಲ್ಲೇ ಹತ್ತಿರದ ಒಂದು ಊರ ಜಾತ್ರೆಗೆ ಕುಸ್ತಿ ನೋಡಲು ಹೋಗಿದ್ದೆ. ಚಪ್ಪಲಿಯಲ್ಲಿ ಇನ್ನೂ ಕೆಂಪು ಮಣ್ಣಿದೆ. ಒಂದು ಜೋಡಿ ಎಷ್ಟು ಹೊತ್ತಾದರೂ ಬರೀ ಕೈಗೆ ಕೈ ತಾಗಿಸಿ ಸುತ್ತುತ್ತಲೇ ಇತ್ತು. ಹಲಗಿ ಬಾರಿಸುವವನಿಗೂ ಬೇಜಾರು ಬಂತು. ನನ್ನ ಪಕ್ಕದ ರುಮಾಲಿನ ಅಜ್ಜ ಎದ್ದು ನಿಂತು, "ನೂರಾ ಕುಸ್ತಿ ಹಿಡಿಯಾಕ ಬಂದೀರೇನ್ರಲೇ!" ಎಂದು ಕೂಗಿದ. ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿಗೆ ಹಾಗೆ ಅಂತಾರಲ್ಲ. ನನಗೆ ತಟ್ಟನೆ ನಿನ್ನ ಡಬ್ಲ್ಯೂಸಿಡಬ್ಲ್ಯೂ, ಅಮೆರಿಕದ ಆ ಟಿವಿ ಕುಸ್ತಿ ಕಂಪನಿ, ನೆನಪಾಯಿತು.

ರಾತ್ರಿ ಕಾರ್ಟೂನ್ ನೆಟ್‌ವರ್ಕ್ ಮುಗಿದು ಅದೇ ಚಾನಲ್‌ನಲ್ಲಿ ಟಿಎನ್‌ಟಿ ಶುರುವಾಗುತ್ತಿತ್ತು. ನಾನು ಅದರ ಎದುರಾಳಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ ಪಾರ್ಟಿ, ನೀನು ಡಬ್ಲ್ಯೂಸಿಡಬ್ಲ್ಯೂದ ಬಿಳಿ ಬಣ್ಣದ ಮುಖದ ಪೈಲ್ವಾನ ಸ್ಟಿಂಗ್ ಪಾರ್ಟಿ. ಒಮ್ಮೆ ನೀನು ನಿಮ್ಮ ಮುತ್ಯಾನ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಮುಖಕ್ಕೆಲ್ಲ ಬಳಿದುಕೊಂಡು, ಕಣ್ಣ ಸುತ್ತ ತಂಗಿಯ ಕಾಡಿಗೆ ಹಚ್ಚಿಕೊಂಡು ಓಣಿಗೆ ಬಂದಿದ್ದೆ. ನಿಮ್ಮವ್ವ ಕಸಬರಿಗೆ ಹಿಡಿದು ಅಟ್ಟಿಸಿಕೊಂಡು ಬಂದಳಲ್ಲ, ನಾವು ನೋಡಿದ ಕುಸ್ತಿಗಳಲ್ಲಿ ಅದೊಂದೇ ಅಸಲಿ.

ಆಗ ನಿನ್ನ ಪಾರ್ಟಿಯದೇ ಜೋರು, ಒಪ್ಪುತ್ತೇನೆ. ಟೆಡ್ ಟರ್ನರ್‌ನಂಥ ಟಿವಿ ಸಾಹುಕಾರ ಬೆನ್ನಿಗಿದ್ದ. 1996ರಲ್ಲಿ ಎಲ್ಲರ ಹೀರೊ ಹಲ್ಕ್ ಹೋಗನ್‌ನನ್ನೇ ಖಳನಾಯಕ ಮಾಡುವ ಧೈರ್ಯ ತೋರಿಸಿದರು. ಆ ವರ್ಷದ ಜೂನ್‌ನಿಂದ ಸತತ 83 ವಾರ ಇವರ ವಾರದ ಷೋ ನೈಟ್ರೋ, ಡಬ್ಲ್ಯೂಡಬ್ಲ್ಯೂಎಫ್‌ನವರ ರಾ ಷೋವನ್ನು ವೀಕ್ಷಕರ ಲೆಕ್ಕದಲ್ಲಿ ಹಿಂದೆ ಹಾಕಿತು.

ಸುಳ್ಳು ಕುಸ್ತಿ, ಅದಕ್ಕೇ ಡಬ್ಲ್ಯೂಸಿಡಬ್ಲ್ಯೂ ಮುಳುಗಿತು ಅಂತಾರೆ ಜನ. ನನಗೆ ಹಾಗನ್ನಿಸಲ್ಲ. ದೊಡ್ಡಾಟದಲ್ಲಿ ಕೀಚಕ ಸಾಯುತ್ತಾನೆ ಅಂತ ಊರಿಗೆಲ್ಲ ಗೊತ್ತು. ಆದರೂ ಬೆಳಗಾಗುವ ತನಕ ಕಂಬಳಿ ಹೊದ್ದು ಕೂರುತ್ತೇವೆ. ಭೀಮ ಬಂದು ಒಂದು ಬೆರಳು ತಾಗಿಸಿ, ಕೀಚಕ ಸತ್ತ ಅಂದರೆ ಸುಮ್ನೆ ಬಿಡ್ತೀವಾ?

ಡಬ್ಲ್ಯೂಸಿಡಬ್ಲ್ಯೂದವರು ಮಾಡಿದ್ದು ಅದನ್ನೇ. 1999ರ ಜನವರಿ 4, ಅಟ್ಲಾಂಟಾದ ಜಾರ್ಜಿಯಾ ಡೋಮ್. ಸೋಲೇ ಕಾಣದ ಗೋಲ್ಡ್‌ಬರ್ಗ್‌ನನ್ನು ಹಿಂದಿನ ವಾರವಷ್ಟೇ ಕೆವಿನ್ ನ್ಯಾಶ್ ಮೋಸದಿಂದ ಕೆಡವಿದ್ದ. ಗೋಲ್ಡ್‌ಬರ್ಗ್ ಇವತ್ತು ಸೇಡು ತೀರಿಸ್ತಾನೆ ಅಂತ 38 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ಕತೆಯಲ್ಲಿ ಅವನನ್ನು ಪೊಲೀಸರು ಎತ್ತಿಕೊಂಡು ಹೋದರು. ಬದಲಿಗೆ ಬಂದವನು ಹೋಗನ್. ತೋರುಬೆರಳಿನಿಂದ ನ್ಯಾಶ್‌ನ ಎದೆಗೆ ಒಂದೇ ಒಂದು ತಿವಿತ. ಏಳಡಿ ಹತ್ತಿರದ ಆಳು ಗುಂಡು ಬಿದ್ದವನ ಹಾಗೆ ಅಂಗಾತ ಬಿದ್ದ. ಒಂದು, ಎರಡು, ಮೂರು. ಚಾಂಪಿಯನ್ ಬೆಲ್ಟ್ ಹೋಗನ್‌ದು. ಸೋತವನೂ ಗೆದ್ದವನೂ ತಬ್ಬಿಕೊಂಡು ಹಲ್ಲು ಕಿರಿದರು.

ಅದೇ ರಾತ್ರಿ ಇವರ ಕಾಮೆಂಟರಿಯವನು, ಆ ಕಡೆ ಡಬ್ಲ್ಯೂಡಬ್ಲ್ಯೂಎಫ್‌ನಲ್ಲಿ ಮಿಕ್ ಫೋಲಿ ಬೆಲ್ಟ್ ಗೆಲ್ಲುತ್ತಾನೆ ಅಂತ ಅಣಕಿಸಿ ಮೊದಲೇ ಹೇಳಿಬಿಟ್ಟ. ಅವರ ಗುಟ್ಟು ಒಡೆಯಲು ಹೋದರೆ, ಇವರ ವೀಕ್ಷಕರೇ ಲಕ್ಷಗಟ್ಟಲೆ ಎದ್ದು ಆ ಚಾನಲ್‌ಗೆ ಹೋದರು! ಫೋಲಿಯಂಥ ಬಡಪಾಯಿ ಗೆಲ್ಲೋದನ್ನ ಯಾರು ಬಿಡ್ತಾರೆ, ಅಲ್ವಾ?

ಆಮೇಲಿನದು ಬರೀ ಜಾರಿಕೆ. 2000ದಲ್ಲಿ ಡೇವಿಡ್ ಆರ್ಕೆಟ್ ಎಂಬ ಸಿನಿಮಾ ನಟನಿಗೆ ಬೆಲ್ಟ್ ಕೊಟ್ಟರು. ಆ ವರ್ಷದ ನಷ್ಟ 6 ಕೋಟಿ ಡಾಲರ್ ದಾಟಿತು ಅಂತಾರೆ. 2001ರ ಮಾರ್ಚ್‌ನಲ್ಲಿ ಚಾನಲ್ಲೇ ಕೈಬಿಟ್ಟಿತು. ಟಿವಿಯೇ ಇಲ್ಲದ ಕಂಪನಿಯನ್ನು ಡಬ್ಲ್ಯೂಡಬ್ಲ್ಯೂಎಫ್ ಮಾಲೀಕ ವಿನ್ಸ್ ಮೆಕ್‌ಮಹನ್ ಅಗ್ಗಕ್ಕೆ ಕೊಂಡುಕೊಂಡ. ಮಾರ್ಚ್ 26ರ ಕೊನೇ ನೈಟ್ರೋದಲ್ಲಿ ನಿನ್ನ ಸ್ಟಿಂಗ್ ಗೆದ್ದ, ಹಳೇ ಎದುರಾಳಿ ರಿಕ್ ಫ್ಲೇರ್ ಮೇಲೆ. ಫ್ಲೇರ್ ಟಿ-ಷರ್ಟ್ ಹಾಕಿಕೊಂಡೇ ಆಡಿದ. ಮುಗಿದ ಮೇಲೆ ಇಬ್ಬರೂ ತಬ್ಬಿಕೊಂಡರು. ಆ ಅಪ್ಪುಗೆ ಮಾತ್ರ ನನಗೆ ನಾಟಕ ಅನ್ನಿಸಲಿಲ್ಲ.

ಇವತ್ತಿನ ಜೋಡಿಯ ಕತೆ ಹೇಳಲಿಲ್ಲ. ಅಜ್ಜನ ಕೂಗಿಗೆ ರೋಷ ಬಂತೋ ಏನೋ, ಗಿಡ್ಡನೆಯವನು ಒಮ್ಮೆಲೇ ಸೊಂಟಕ್ಕೆ ಕೈ ಹಾಕಿ ಇನ್ನೊಬ್ಬನನ್ನು ಎತ್ತಿ ಚಿತ್ ಮಾಡಿದ. ಅಜ್ಜ ಬಗ್ಗಿಕೊಂಡು ಅಖಾಡಕ್ಕೆ ಇಳಿದು, ಒಳಜೇಬಿನಿಂದ ನೋಟು ತೆಗೆದು ಗೆದ್ದವನ ಕೈಗಿಟ್ಟ. ಸ್ವಲ್ಪ ಯೋಚಿಸಿ ಸೋತವನಿಗೂ ಒಂದು ಕೊಟ್ಟ.

ಮುಂದಿನ ಸಲ ಆನಂದವಾಡಿ ಅಖಾಡದಲ್ಲಿ ಕುಸ್ತಿ ಇದ್ದಾಗ ಫೋನ್ ಮಾಡ್ತೀನಿ, ರಜೆ ಹಾಕಿ ಬಾ. ವಿಭೂತಿ ನಾನು ತರ್ತೀನಿ.

ನಿನ್ನ
ಸಂಗ್ಯಾ